ಎದುರುನುಡಿಯ ಪರಂಪರೆ: ಪ್ರಾಚೀನ ಕನ್ನಡ ಸಾಹಿತ್ಯ ಮತ್ತು ಮಾನವ ಹಕ್ಕು

೧೯೭೩ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಮೈಸೂರಿನಲ್ಲಿ ನಡೆದ ಒಂದು ವಿಚಾರಸಂಕಿರಣದಲ್ಲಿ ಮಾತನಾಡುತ್ತ, ಅಂದು ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸಾ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಬೂಸಾ ಎಂದರೆ ಕಾಳಿನ ತಿರುಳನ್ನು ತೆಗೆದ ಮೇಲೆ ಉಳಿಯುವ ಹೊಟ್ಟು; ದನಗಳಿಗೆ ಹಾಕುವ ಮೇವು. ಆ ಒಂದು ಮಾತಿನಿಂದ ನಾಡಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಬಸವಲಿಂಗಪ್ಪನವರು ಸಚಿವಸ್ಥಾನವನ್ನು ತ್ಯಜಿಸಬೇಕಾಯಿತು. ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ನಿಲ್ಲಿಸಲು ಮುಂದಾದ ಸಚಿವರು ಅವರೇ ಎಂಬುದನ್ನು ಆ ಗದ್ದಲದ ನಡುವೆ ನೆನೆದವರು ಕಡಮೆ.

ಈ ಪ್ರಸಂಗ ನಡೆದು ಅರ್ಧ ಶತಮಾನ ಸಂದಿದೆ. ಮಾತಿನ ಕಾವು ಆರಿದೆ. ಆದರೆ ಮಾತಿನ ಹಿಂದಿದ್ದ ಪ್ರಶ್ನೆ ಆರಿಲ್ಲ. ಸಾವಿರ ವರ್ಷಗಳಿಗೂ ಮಿಕ್ಕಿದ ನಮ್ಮ ಸಾಹಿತ್ಯ, ಊರ ಹೊರಗೆ ನಿಲ್ಲಿಸಲ್ಪಟ್ಟ ಮನುಷ್ಯನಿಗೆ ಏನನ್ನು ಕೊಟ್ಟಿತು? ಅವನ ನೋವನ್ನು ಅದು ಕಂಡಿತೆ? ಕಂಡು ನುಡಿಯಿತೆ? ಅಥವಾ ಅರಮನೆಯ ವೈಭವವನ್ನೂ ಋತುವರ್ಣನೆಯನ್ನೂ ಮಾಡುತ್ತ ಅವನನ್ನು ಮರೆಯಿತೆ? ಶರಣರ ಹೆಸರಿನಲ್ಲಿ ನಡೆಯುವ, ಮಕ್ಕಳು ಪ್ರಾರ್ಥನೆಯ ಹೊತ್ತಿಗೆ ವಚನಗಳನ್ನು ಹಾಡುವ ನಮ್ಮಂತಹ ಶಾಲೆಗಳಿಗೆ ಈ ಪ್ರಶ್ನೆ ಬೇರೆಯವರದಲ್ಲ, ನಮ್ಮದೇ. ನಾವು ಮಕ್ಕಳ ಬಾಯಿಗೆ ಕೊಡುತ್ತಿರುವುದು ಕಾಳೋ ಹೊಟ್ಟೋ ಎಂಬುದನ್ನು ನಾವೇ ನೋಡಿಕೊಳ್ಳಬೇಕಾಗಿದೆ.

‘ಮಾನವ ಹಕ್ಕು’ ಎಂಬ ಪದ ಹೊಸತು. ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದ್ದು ೧೯೪೮ರ ಡಿಸೆಂಬರ್ ೧೦ರಂದು. ನಮ್ಮ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದುದೂ ಅದೇ ೧೯೪೮ರಲ್ಲಿ ಎಂಬುದು ನೆನಪಿನಲ್ಲಿಡಲು ಅನುಕೂಲವಾದ ಒಂದು ಯೋಗಾಯೋಗ. ಆ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಪುರುಷವಾಚಕವಾದ ಪದವಿದ್ದುದನ್ನು ಕಂಡು, ಅದರ ಬದಲು ಎಲ್ಲ ಮಾನವರನ್ನೂ ಒಳಗೊಳ್ಳುವ ಪದವನ್ನು ಇಡಬೇಕೆಂದು ಹಟ ಹಿಡಿದು ಗೆದ್ದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ. ಒಂದು ಪದದಲ್ಲಿ ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ಕೇಳುವುದೇ ಹಕ್ಕಿನ ವಿಚಾರದ ಆರಂಭ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ ೧೭ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು.

ಪ್ರಾಚೀನ ಕವಿಗಳಲ್ಲಿ ಈ ಪದವನ್ನಾಗಲಿ ಈ ಕಾನೂನನ್ನಾಗಲಿ ಹುಡುಕುವುದು ಸಲ್ಲದು. ಅವರು ಧರ್ಮವೆಂದರು, ಭಕ್ತಿಯೆಂದರು, ನೀತಿಯೆಂದರು, ಹಕ್ಕು ಎನ್ನಲಿಲ್ಲ. ಆದರೆ ಅವರ ಕೃತಿಗಳಲ್ಲಿ ಇನ್ನೊಂದು ವಸ್ತುವಿದೆ. ಅವಮಾನಿತನಾದ ಮನುಷ್ಯ ಅಲ್ಲಿ ಸಭೆಯ ನಡುವೆ ನಿಂತು ಎದುರುನುಡಿಯುತ್ತಾನೆ. ಅವನ ವಾದವನ್ನು ಕವಿ ಮುಚ್ಚುವುದಿಲ್ಲ, ಪೂರ್ತಿಯಾಗಿ ಕೇಳಿಸುತ್ತಾನೆ. ಕೆಲವೊಮ್ಮೆ ಆ ವಾದ ಕವಿಯ ಉದ್ದೇಶವನ್ನೂ ಮೀರಿ ಬೆಳೆಯುತ್ತದೆ. ನ್ಯಾಯಾಲಯದಲ್ಲಿ ಎರಡೂ ಪಕ್ಷದವರ ಅಹವಾಲನ್ನು ಆಲಿಸಬೇಕೆಂಬುದು ಹಕ್ಕುಗಳ ಮೊದಲ ಮೆಟ್ಟಿಲಷ್ಟೆ? ಕಾನೂನು ಕೊಡದಿದ್ದ ಆ ಅವಕಾಶವನ್ನು ನಮ್ಮಲ್ಲಿ ಕಾವ್ಯ ಕೊಟ್ಟಿತು. ಕೊಟ್ಟಿತು ಎಂದ ಮಾತ್ರಕ್ಕೆ ತೀರ್ಪೂ ಅವನ ಪರವಾಗಿ ಬಂದಿತೆಂದು ಅರ್ಥವಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಂಡು ಕೆಲವು ಕೃತಿಗಳನ್ನು ನೋಡಬಹುದು.

ಮೊದಲು ಪಂಪ. ಹತ್ತನೆಯ ಶತಮಾನದ ಈ ಮಹಾಕವಿಯ ವಿಕ್ರಮಾರ್ಜುನವಿಜಯದಲ್ಲಿ ರಾಜಕುಮಾರರು ತಮ್ಮ ಶಸ್ತ್ರವಿದ್ಯೆಯನ್ನು ಪ್ರದರ್ಶಿಸುವ ರಂಗಕ್ಕೆ ಕರ್ಣ ಬರುತ್ತಾನೆ. ಅರ್ಜುನನಿಗೆ ಸಮನಾಗಿ ಕಾದಬಲ್ಲೆನೆನ್ನುತ್ತಾನೆ. ಒಡನೆಯೇ ಹಿರಿಯರು ಅವನ ಬಿಲ್ಲನ್ನು ಪರೀಕ್ಷಿಸುವುದಿಲ್ಲ, ಕುಲವನ್ನು ಕೇಳುತ್ತಾರೆ. ಮುಂದೆ ಯುದ್ಧ ತೊಡಗುವ ಹೊತ್ತಿನಲ್ಲಿಯೂ ಹಿರಿಯರ ಬಾಯಿಂದ ಅದೇ ಕುಲದ ಚುಚ್ಚು ಮತ್ತೆ ಬರುತ್ತದೆ. ಆಗ ಕರ್ಣ ಕೊಡುವ ಉತ್ತರದ ಸಾರವಿಷ್ಟು: ಹುಟ್ಟಿನಿಂದ ಬಂದುದು ಕುಲವಲ್ಲ, ಮನುಷ್ಯನ ನಡತೆ ಮತ್ತು ಕೆಚ್ಚುಗಳಿಂದ ಬಂದುದೇ ಕುಲ. ಕನ್ನಡದಲ್ಲಿ ಈ ವಾದ ಇಷ್ಟು ನೇರವಾಗಿ ಬಂದದ್ದು ನಮ್ಮ ಆದಿಕವಿಯಲ್ಲಿಯೇ ಎಂಬುದು ಅಭಿಮಾನದ ಸಂಗತಿ.

ಆದರೆ ಅಭಿಮಾನದೊಡನೆ ವಿವೇಚನೆಯೂ ಬೇಕು. ಕರ್ಣ ನಿಜವಾಗಿ ಕುಂತಿಯ ಮಗನೆಂಬುದು ಓದುಗನಿಗೆ ಮೊದಲೇ ತಿಳಿದಿದೆ. ಆದುದರಿಂದ ಅವನ ಅವಮಾನ ಒಂದು ತಪ್ಪು ತಿಳಿವಳಿಕೆಯಿಂದ ಆದುದೆಂದು ಓದುಗ ಸಮಾಧಾನ ಮಾಡಿಕೊಳ್ಳಬಹುದು. ಅವನು ನಿಜವಾಗಿಯೂ ಸೂತನ ಮಗನೇ ಆಗಿದ್ದರೆ? ಆಗಲೂ ಅವನ ವಾದ ಅಷ್ಟೇ ಸತ್ಯವಲ್ಲವೆ? ಈ ಪ್ರಶ್ನೆಯನ್ನು ಕವಿ ಕೇಳದಿದ್ದರೂ ಉಪಾಧ್ಯಾಯನು ತರಗತಿಯಲ್ಲಿ ಕೇಳಬೇಕು. ಕಾವ್ಯವನ್ನು ಓದಿಸುವುದೆಂದರೆ ಅದರ ಪದಗಳಿಗೆ ಅರ್ಥ ಬರೆಸುವುದು ಮಾತ್ರವಲ್ಲ.

ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಈ ಎದುರುನುಡಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಬೇಟೆಗೆ ಹೋದ ಹರಿಶ್ಚಂದ್ರನ ಮುಂದೆ ವಿಶ್ವಾಮಿತ್ರನ ಕೋಪದಿಂದ ಹುಟ್ಟಿದ ಇಬ್ಬರು ಹೊಲತಿಯರು ಬಂದು ಹಾಡುತ್ತಾರೆ. ರಾಜ ಮೆಚ್ಚಿ ಆಭರಣ ಕೊಡಲು ಹೋದರೆ ಅವರು ಅವನ ಬೆಳ್ಗೊಡೆಯನ್ನು ಕೇಳುತ್ತಾರೆ. ಅದನ್ನು ಕೊಡಲಾಗದೆಂದಾಗ, ತಮ್ಮನ್ನು ಮದುವೆಯಾಗೆನ್ನುತ್ತಾರೆ. ಹೀನಕುಲದವರೆಂದು ಅವನು ನಿರಾಕರಿಸಿದಾಗ ಆ ಹೆಣ್ಣುಮಕ್ಕಳು ಹೂಡುವ ವಾದವನ್ನು ನೋಡಬೇಕು. ನಮ್ಮ ಹಾಡನ್ನು ನಿನ್ನ ಕಿವಿ ಕೇಳಿತು, ಅದು ಮೈಲಿಗೆಯಾಗಲಿಲ್ಲ. ನಮ್ಮ ರೂಪವನ್ನು ನಿನ್ನ ಕಣ್ಣು ಕಂಡಿತು, ಅದೂ ಮೈಲಿಗೆಯಾಗಲಿಲ್ಲ. ಇಂದ್ರಿಯಗಳಲ್ಲಿ ಮಿಕ್ಕವಕ್ಕೆಲ್ಲ ಇಲ್ಲದ ಮೈಲಿಗೆ ಸ್ಪರ್ಶವೊಂದಕ್ಕೆ ಮಾತ್ರ ಎಲ್ಲಿಂದ ಬಂದಿತು ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಅಸ್ಪೃಶ್ಯತೆಯನ್ನು ತರ್ಕದ ಒರೆಗೆ ಹಚ್ಚುವ ಇಂತಹ ಮಾತು ಸುಮಾರು ಎಂಟುನೂರು ವರ್ಷಗಳ ಹಿಂದೆ, ಅದೂ ಹೊಲತಿಯರ ಬಾಯಿಂದಲೇ ಬಂದಿತೆಂಬುದನ್ನು ಗಮನಿಸಬೇಕು. ರಾಜನ ಬಳಿ ಅದಕ್ಕೆ ತಕ್ಕ ಉತ್ತರವಿಲ್ಲ. ಅವನು ಅವರನ್ನು ಹೊಡೆದಟ್ಟಿಸುತ್ತಾನೆ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ರಾಜ್ಯವನ್ನಾದರೂ ಕೊಟ್ಟೇನು, ಆ ಕನ್ಯೆಯರನ್ನು ಮದುವೆಯಾಗಲಾರೆನೆಂದು ಹರಿಶ್ಚಂದ್ರ ರಾಜ್ಯವನ್ನೇ ಬಿಡುತ್ತಾನೆ. ಹೆಂಡತಿ ಮಕ್ಕಳನ್ನು ಮಾರುತ್ತಾನೆ. ಕೊನೆಗೆ ತನ್ನನ್ನೇ ಕಾಶಿಯ ವೀರಬಾಹುವೆಂಬ ಹೊಲೆಯನಿಗೆ ಮಾರಿಕೊಂಡು ಸುಡುಗಾಡು ಕಾಯುತ್ತಾನೆ. ಮುಟ್ಟಲೊಲ್ಲೆನೆಂದವನು ಅದೇ ಕುಲದವನ ಆಳಾಗಿ ಅವನ ಅನ್ನ ಉಣ್ಣುತ್ತಾನೆ. ಸತ್ಯದ ಮಹಿಮೆಯನ್ನು ಹೇಳಲು ಹೊರಟ ಕಾವ್ಯವಿದು. ನಾವೂ ಮಕ್ಕಳಿಗೆ ಇದನ್ನು ಸತ್ಯದ ಕಥೆಯೆಂದೇ ಹೇಳುತ್ತ ಬಂದಿದ್ದೇವೆ. ಅದು ತಪ್ಪಲ್ಲ. ಆದರೆ ರಾಜ್ಯವನ್ನು ಬಿಡಲು ಸಿದ್ಧನಾದವನು ಕುಲದ ಹೆಮ್ಮೆಯನ್ನು ಬಿಡಲು ಏಕೆ ಸಿದ್ಧನಾಗಲಿಲ್ಲವೆಂದು ಒಬ್ಬ ಹುಡುಗ ಎದ್ದು ಕೇಳಿದರೆ, ಅವನು ಕಾವ್ಯವನ್ನು ಚೆನ್ನಾಗಿ ಓದಿದ್ದಾನೆಂದೇ ತಿಳಿಯಬೇಕು.

ಪಂಪ ರಾಘವಾಂಕರ ಕಾವ್ಯಗಳಲ್ಲಿ ಎದುರುನುಡಿಯುವವರು ಕವಿ ಸೃಷ್ಟಿಸಿದ ಪಾತ್ರಗಳು. ರಾಘವಾಂಕನಿಗಿಂತ ಸ್ವಲ್ಪ ಹಿಂದೆ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಇದಕ್ಕಿಂತ ದೊಡ್ಡದೊಂದು ಸಂಗತಿ ನಡೆದಿತ್ತು. ಅಲ್ಲಿ ದುಡಿಯುವ ಜನರು ತಾವೇ ನುಡಿದರು. ಅವರ ನುಡಿ ಅವರವರ ಅಂಕಿತದೊಡನೆ ಉಳಿಯಿತು. ಪಾದರಕ್ಷೆ ಮಾಡುವ ಮಾದಾರ ಚನ್ನಯ್ಯ, ತೊಗಲು ಹದಮಾಡುವ ಡೋಹರ ಕಕ್ಕಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಸೂಳೆ ಸಂಕವ್ವೆ ಮೊದಲಾದ ಈ ಹೆಸರುಗಳಲ್ಲಿ ಕಸುಬು ಹೆಸರಿನ ಮುಂದೆಯೇ ನಿಂತಿದೆ. ಲೋಕ ಯಾವುದನ್ನು ಕೀಳೆಂದಿತೋ ಅದನ್ನು ಅವರು ಮರೆಮಾಚಲಿಲ್ಲ, ಬಿರುದಿನಂತೆ ಧರಿಸಿದರು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ರಚಿಸಿದ್ದಾರೆ. ಅಷ್ಟು ಮಂದಿ ಹೆಂಗಸರು ಒಂದೇ ಚಳವಳಿಯ ಒಡಲಿನಿಂದ ಮಾತನಾಡಿದ ನಿದರ್ಶನ ಆ ಕಾಲದ ಲೋಕದಲ್ಲಿಯೇ ವಿರಳ.

ಶರಣರ ವಿಚಾರದಲ್ಲಿ ಹಕ್ಕಿನ ದೃಷ್ಟಿಯಿಂದ ಮಹತ್ತ್ವದ ಮೂರು ಅಂಶಗಳಿವೆ. ಮೊದಲನೆಯದು ಸೂತಕ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತನಿಗಿಲ್ಲವೆಂದು ಅವರು ಸಾರಿದರು. ಮನುಷ್ಯನನ್ನು ದೂರವಿಡಲು ಸಮಾಜ ಬಳಸುತ್ತಿದ್ದ ಮುಖ್ಯ ಆಯುಧ ಮೈಲಿಗೆ; ಆ ಆಯುಧದ ಬಾಯನ್ನೇ ಅವರು ಮುರಿದರು. ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ದೂರವಿಡಲಾಗದೆಂಬ ಮಾತು ಇದರೊಳಗೇ ಬಂದಿತು. ಎರಡನೆಯದು, ದೇಹವೇ ದೇಗುಲವೆಂದು ತಿಳಿದು ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದುದು. ಗುಡಿಯ ಬಾಗಿಲಲ್ಲಿ ತಡೆಯುವವನಿದ್ದಾನೆ. ಎದೆಯ ಮೇಲಿನ ಲಿಂಗಕ್ಕೆ ತಡೆಯುವವನಿಲ್ಲ. ಪ್ರವೇಶದ ಪ್ರಶ್ನೆಯನ್ನು ಅವರು ಬಾಗಿಲಲ್ಲಿ ನಿಂತು ಬೇಡಿ ಬಗೆಹರಿಸಿಕೊಳ್ಳಲಿಲ್ಲ. ಬಾಗಿಲೇ ಬೇಡವಾಗುವಂತೆ ಮಾಡಿದರು. ಮೂರನೆಯದು ಕಾಯಕ ಮತ್ತು ದಾಸೋಹ. ಇದರ ಬಗ್ಗೆ ತುಸು ವಿವರವಾಗಿ ಹೇಳಬೇಕಾಗಿದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಪ್ರಸಿದ್ಧವಾದುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡುವುದಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಬಡವರಿಗೆ ಇಷ್ಟೊಂದು ಆಸೆ ಸಲ್ಲದೆಂದು ಗಂಡನನ್ನೇ ತಿದ್ದಿ, ಅದನ್ನು ತಂದಲ್ಲಿಯೇ ಚೆಲ್ಲಿ ಬರಲು ಹೇಳುತ್ತಾಳೆ. ಇಲ್ಲಿ ಎರಡು ಸಂಗತಿಗಳಿವೆ. ಬಡವಿಯೊಬ್ಬಳು ಆರ್ಥಿಕ ನ್ಯಾಯದ ಸೂತ್ರವೊಂದನ್ನು ಹೇಳುತ್ತಿದ್ದಾಳೆ: ಅಗತ್ಯಕ್ಕೆ ಮೀರಿದುದು ಇನ್ನೊಬ್ಬರ ಪಾಲು. ಹೆಂಡತಿಯೊಬ್ಬಳು ಗಂಡನಿಗೆ ಗುರುವಾಗಿ ನುಡಿಯುತ್ತಿದ್ದಾಳೆ, ಗಂಡ ತಲೆಬಾಗಿ ಕೇಳುತ್ತಿದ್ದಾನೆ.

ದಾಸೋಹಕ್ಕೂ ದಾನಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ದಾಸನೆಂದು ಭಾವಿಸುತ್ತಾನೆ. ಪಡೆಯುವವನು ಭಿಕ್ಷುಕನಾಗಿ ಬಂದಿಲ್ಲ, ತನ್ನ ಪಾಲಿಗಾಗಿ ಬಂದಿದ್ದಾನೆ. ಹಕ್ಕು ಎಂಬ ಪದವಿಲ್ಲದೆಯೇ ಹಕ್ಕಿನ ಭಾವವನ್ನು ಇಷ್ಟು ಸಮೀಪಿಸಿದ ಕಲ್ಪನೆ ನಮ್ಮ ಪರಂಪರೆಯಲ್ಲಿ ಇನ್ನೊಂದಿಲ್ಲವೆನ್ನಬಹುದು. ಇಪ್ಪತ್ತನೆಯ ಶತಮಾನದಲ್ಲಿ ಲಿಂಗಾಯತ ಮಠಗಳು ನಾಡಿನ ತುಂಬ ಉಚಿತ ಪ್ರಸಾದ ನಿಲಯಗಳನ್ನು ತೆರೆದುದು ಈ ಕಲ್ಪನೆಯ ಬಲದಿಂದ. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿ ಮತಗಳನ್ನೆಣಿಸದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದುದು ನಾಡಿಗೇ ತಿಳಿದ ವಿಷಯ. ಮಠಗಳು ದಾಸೋಹವೆಂದು ಕೊಟ್ಟ ವಿದ್ಯೆಯನ್ನು ರಾಷ್ಟ್ರ ತಡವಾಗಿಯಾದರೂ ಹಕ್ಕೆಂದು ಒಪ್ಪಿತು. ೨೦೦೨ರ ೮೬ನೆಯ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ೨೦೦೯ರಲ್ಲಿ ಅದಕ್ಕೆ ಕಾಯಿದೆಯ ರೂಪ ಬಂದಿತು.

ಕಲ್ಯಾಣದ ಕಥೆಯ ಕೊನೆಯನ್ನೂ ನಾವು ಮರೆಯುವಂತಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅದನ್ನು ಸಹಿಸದ ಅರಸ ಬಿಜ್ಜಳ ಆ ಇಬ್ಬರು ತಂದೆಯರನ್ನು ಕ್ರೂರವಾಗಿ ಕೊಲ್ಲಿಸಿದನೆಂದೂ, ಶರಣರು ದಿಕ್ಕಾಪಾಲಾದರೆಂದೂ ಪರಂಪರೆ ಹೇಳುತ್ತದೆ. ಮಾತಿನಲ್ಲಿದ್ದ ಸಮಾನತೆ ಮದುವೆಯ ಚಪ್ಪರದವರೆಗೆ ಬಂದಾಗ ಅದಕ್ಕೆ ರಕ್ತದ ಬೆಲೆ ತೆರಬೇಕಾಯಿತು. ಈ ವಸ್ತು ನಮ್ಮ ಕಾಲದ ನಾಟಕಕಾರರನ್ನೂ ಬಿಟ್ಟಿಲ್ಲ. ಪಿ. ಲಂಕೇಶರ ‘ಸಂಕ್ರಾಂತಿ’, ಗಿರೀಶ ಕಾರ್ನಾಡರ ‘ತಲೆದಂಡ’ ಎರಡೂ ಕಲ್ಯಾಣವನ್ನೇ ಕುರಿತವು. ಆದರೆ ಈ ಪ್ರಸಂಗ ಮೊದಲು ಪ್ರಶ್ನಿಸಬೇಕಾದುದು ನಮ್ಮನ್ನು. ಶರಣರ ಅನುಯಾಯಿಗಳೆಂದು ಹೇಳಿಕೊಳ್ಳುವ ನಾವು ಒಳಪಂಗಡಗಳನ್ನು ಕಟ್ಟಿಕೊಂಡೆವು; ಹೆಣ್ಣು ಗಂಡು ಹುಡುಕುವಾಗ ಉಪಜಾತಿಯನ್ನು ವಿಚಾರಿಸುವುದನ್ನು ಬಿಡಲಿಲ್ಲ. ಹರಳಯ್ಯನ ಹೆಸರಿಗೆ ಕೈಮುಗಿಯುವುದು ಸುಲಭ. ಅವನೊಡನೆ ಬೀಗತನ ಮಾಡುವುದು ಇಂದಿಗೂ ಕಷ್ಟವೆನಿಸುತ್ತದೆ. ಸಾಹಿತ್ಯ ಬೂಸಾ ಆಗುವುದು ಬರೆದವರಿಂದ ಮಾತ್ರವಲ್ಲ. ತಿರುಳನ್ನು ಬಿಟ್ಟು ಸಿಪ್ಪೆಯನ್ನು ಜಪಿಸುವ ಓದುಗರಿಂದಲೂ ಆಗುತ್ತದೆ.

ವಚನಗಳು ಶತಮಾನಗಳ ಕಾಲ ಮಠ ಮನೆಗಳ ತಾಳೆಗರಿಗಳಲ್ಲಿಯೇ ಇದ್ದುವೆಂಬುದನ್ನೂ ಇಲ್ಲಿ ಸ್ಮರಿಸಬೇಕು. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಹೊರತಂದುದು ೧೯೯೩ರಲ್ಲಿ. ಎದುರುನುಡಿ ಇದ್ದರೆ ಸಾಲದು, ಅದು ಜನರ ಕೈಗೆ ಸಿಕ್ಕಬೇಕು. ಮುದ್ರಣ ಮತ್ತು ಶಾಲೆ ಎರಡೂ ಬಂದ ಮೇಲೆಯೇ ಮಾದಾರ ಚನ್ನಯ್ಯನ ಮಾತು ಅವನ ಕೇರಿಯ ಹುಡುಗನ ಪಠ್ಯಪುಸ್ತಕವನ್ನು ತಲುಪಿತು.

ಶರಣರ ಅನಂತರವೂ ಈ ಧಾರೆ ಬತ್ತಲಿಲ್ಲ. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತ್ರೆ’ ಮಕ್ಕಳಿಗೂ ರುಚಿಸುವ ಕಥೆ. ಧಾನ್ಯಗಳಲ್ಲಿ ಯಾರು ಹೆಚ್ಚೆಂದು ಅಕ್ಕಿಗೂ ರಾಗಿಗೂ ಶ್ರೀರಾಮನ ಸಭೆಯಲ್ಲಿ ವ್ಯಾಜ್ಯ ಹುಟ್ಟುತ್ತದೆ. ಅಕ್ಕಿ ತನ್ನ ಕುಲವನ್ನು ಹೊಗಳಿಕೊಂಡು, ಶೂದ್ರರ ಆಹಾರವೆಂದು ರಾಗಿಯನ್ನು ಹಳಿಯುತ್ತದೆ. ರಾಗಿ ಸುಮ್ಮನಿರುವುದಿಲ್ಲ, ಬರಗಾಲದಲ್ಲಿ ಬಡವರನ್ನು ಕಾಪಾಡಿದವರಾರು ಎಂದು ತಿರುಗಿ ಕೇಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ತೀರ್ಪು ರಾಗಿಯ ಪರ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ವಾದಿಸಿದ ಕೀಳುಜಾತಿಗೆ ಜಯವೂ ದೊರೆಯುವ ಅಪರೂಪದ ಹಳೆಯ ಕೃತಿ ಇದು. ಈ ತೀರ್ಪು ಹೊಗಳಿಕೆಯ ಬಲದಿಂದ ಬಂದುದಲ್ಲ, ಪರೀಕ್ಷೆಯ ಬಲದಿಂದ ಬಂದುದು ಎಂಬುದು ಇನ್ನೂ ದೊಡ್ಡ ಮಾತು.

ಹದಿನೇಳನೆಯ ಶತಮಾನದ ಕೊನೆಗೆ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಗ್ರಂಥದ ವಿಷಯ ಪತಿವ್ರತೆಯ ಕರ್ತವ್ಯ. ಗಂಡನ ಸೇವೆಯೇ ಹೆಂಡತಿಯ ಧರ್ಮವೆಂಬ ಅಂದಿನ ಕಟ್ಟಳೆಯನ್ನು ಅದು ದಾಟುವುದಿಲ್ಲ. ಆದರೂ ನಡುವೆ ಒಂದೆಡೆ ಅವಳ ದನಿ ಬದಲಾಗುತ್ತದೆ. ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು. ಹಾಗಿರುವಾಗ ಹೆಣ್ಣೆಂದು ಹೀಗಳೆಯುವುದೇಕೆ ಎಂಬ ಅರ್ಥದಲ್ಲಿ ಅವಳು ಕೇಳುತ್ತಾಳೆ. ಕರ್ತವ್ಯದ ಗ್ರಂಥದೊಳಗಿಂದಲೇ ಗೌರವದ ಬೇಡಿಕೆ ಎದ್ದು ಬರುತ್ತದೆ. ಇಡೀ ಗ್ರಂಥದಲ್ಲಿ ನಾಡಿನ ನೆನಪಿನಲ್ಲಿ ಉಳಿದುದು ಆ ಪ್ರಶ್ನೆಯೇ. ಜನರ ನೆನಪು ಕಾಳನ್ನು ಆರಿಸಿಕೊಳ್ಳುವ ಬಗೆ ಹೀಗೆ.

ಹೊಸಗನ್ನಡದಲ್ಲಿ ಈ ಪರಂಪರೆಯನ್ನು ಬುದ್ಧಿಪೂರ್ವಕವಾಗಿ ಕೈಗೆತ್ತಿಕೊಂಡವರಲ್ಲಿ ಕುವೆಂಪು ಅಗ್ರಗಣ್ಯರು. ೧೯೨೮ರ ‘ಜಲಗಾರ’ ನಾಟಕದಲ್ಲಿ ಊರೆಲ್ಲ ಶಿವಗುಡಿಯ ಜಾತ್ರೆಗೆ ಹೋಗುತ್ತಿರುವಾಗ, ಬೀದಿ ಗುಡಿಸುವವನ ಬಳಿಗೆ ಶಿವನೇ ಜಲಗಾರನಾಗಿ ಬರುತ್ತಾನೆ. ೧೯೪೪ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಹಳೆಯ ಕಥೆಯನ್ನು ಅವರು ತಿರುಗಿಸಿ ಬರೆದರು, ಅಲ್ಲಿ ರಾಮನ ಬಾಣ ತಪಸ್ವಿಯನ್ನು ಕೊಲ್ಲುವುದಿಲ್ಲ, ತಪಸ್ಸಿಗೆ ಗೌರವ ಸಲ್ಲುತ್ತದೆ. ನಮ್ಮ ನೆರೆಯ ಗವಿಪುರದಲ್ಲಿ ಬಾಳಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ಪ್ರಾಚೀನ ಕಥೆಯನ್ನು ಹೀಗೆ ಮಾರ್ಪಡಿಸುವುದು ಉಚಿತವಲ್ಲವೆಂದು ಆಕ್ಷೇಪವೆತ್ತಿದರು. ಕುವೆಂಪು ಅದಕ್ಕೆ ಉತ್ತರವಿತ್ತರು. ಇಬ್ಬರೂ ಹಿರಿಯರು, ಇಬ್ಬರೂ ಮುಂದೆ ಜ್ಞಾನಪೀಠ ಪುರಸ್ಕೃತರು. ಅವರ ವಾದ ಸಾಹಿತ್ಯದ ತರಗತಿಗೆ ಒಂದು ಉತ್ತಮ ಪಾಠ. ಮಹಾಭಾರತದ ಶಕುಂತಲೆಯನ್ನು ಕಾಳಿದಾಸ ಮಾರ್ಪಡಿಸಲಿಲ್ಲವೆ? ಪರಂಪರೆ ಉಳಿಯುವುದು ಪುನರುಕ್ತಿಯಿಂದಲೋ, ಪ್ರಶ್ನೆಯಿಂದಲೋ? ವಿದ್ಯಾರ್ಥಿಗಳು ಎರಡೂ ಪಕ್ಷಗಳನ್ನು ವಹಿಸಿಕೊಂಡು ಚರ್ಚಿಸಲಿ.

ಮತ್ತೆ ೧೯೭೩ಕ್ಕೆ ಬರೋಣ. ಆ ಗಲಭೆಯಿಂದ ನೊಂದ ತರುಣರು ನೋವನ್ನು ನುಂಗಿ ಕುಳಿತುಕೊಳ್ಳಲಿಲ್ಲ. ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ೧೯೭೯ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನೆರೆಯಿತು. ೧೯೮೪ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಿತು. ಕನ್ನಡದಲ್ಲಿ ತಿರುಳಿಲ್ಲವೆಂಬ ದೂರಿಗೆ ಅತ್ಯುತ್ತಮ ಉತ್ತರವನ್ನು ಕೊಟ್ಟವರು ದೂರಿನ ವಿರುದ್ಧ ಕೂಗಿದವರಲ್ಲ, ದೂರಿನ ಪಕ್ಷದಲ್ಲಿ ನಿಂತವರೇ. ಎಂಟು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ನಡೆದುದು ಇದೇ ತಾನೆ? ಹೊರಗಿದ್ದವರು ಒಳಬಂದು ನುಡಿದಾಗ ಕನ್ನಡ ಬಡವಾಗಲಿಲ್ಲ, ಬಲವಾಯಿತು.

ಹಾಗಾದರೆ ಬಸವಲಿಂಗಪ್ಪನವರ ಪ್ರಶ್ನೆಗೆ ನಮ್ಮ ಉತ್ತರವೇನು? ಹೊಟ್ಟು ಇದೆ; ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಕಾಳೂ ಇದೆ, ಅದನ್ನು ಕಾಣದಿರುವುದು ಅರಸಿಕತೆ. ಕೇರುವ ಮೊರ ಮಾತ್ರ ನಮ್ಮ ಕೈಯಲ್ಲಿದೆ, ಅಂದರೆ ಉಪಾಧ್ಯಾಯರ ಕೈಯಲ್ಲಿ. ಕರ್ಣನ ಪಾಠ ಮಾಡುವಾಗ ಅವನ ಉತ್ತರಕ್ಕೆ, ಹರಿಶ್ಚಂದ್ರನ ಪಾಠ ಮಾಡುವಾಗ ಆ ಹೆಣ್ಣುಮಕ್ಕಳ ವಾದಕ್ಕೆ, ವಚನದ ಪಾಠ ಮಾಡುವಾಗ ವಚನಕಾರನ ಕಸುಬಿಗೆ ಸಮಯ ಕೊಡಬೇಕು. ಕಂಠಪಾಠದ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಮಗುವನ್ನು, ಈ ಮಾತನ್ನು ಯಾರು ಯಾರಿಗೆ ಹೇಳಿದರು, ಏಕೆ ಹೇಳಬೇಕಾಯಿತು ಎಂದೂ ಕೇಳಬೇಕು. ಅನುಭವ ಮಂಟಪದ ಚಿತ್ರವನ್ನು ಗೋಡೆಗೆ ಹಾಕಿದರೆ ಸಾಲದು. ತರಗತಿಯೇ ಒಂದು ಸಣ್ಣ ಮಂಟಪವಾಗಬೇಕು, ಹಿಂದಿನ ಬೆಂಚಿನ ಹುಡುಗಿಗೂ ಅಲ್ಲಿ ಮಾತಿನ ಸರದಿ ಸಿಕ್ಕಬೇಕು.

ಈ ಮಾತು ತರಗತಿಯ ಗೋಡೆಯಾಚೆಗೂ ಸಲ್ಲುತ್ತದೆ. ನಸುಕಿನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ರಸ್ತೆಗಳನ್ನು ಗುಡಿಸುವ ಪೌರಕಾರ್ಮಿಕರನ್ನು ನಮ್ಮ ಮಕ್ಕಳು ಶಾಲೆಗೆ ಬರುವ ದಾರಿಯಲ್ಲಿ ಪ್ರತಿದಿನ ಕಾಣುತ್ತಾರೆ. ಅದೇ ಬೀದಿಗಳಲ್ಲಿ ಏಳುತ್ತಿರುವ ಮನೆಗಳ ಕಬ್ಬಿಣ ಇಟ್ಟಿಗೆಗಳನ್ನು ಹೊರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರು ಬಹಳ ಮಂದಿ. ೨೦೧೯ರಿಂದ ಆ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರು. ಕಲ್ಯಾಣದ ಮಕ್ಕಳೇ ನಮ್ಮ ಬಾಗಿಲಿಗೆ ದುಡಿಯಲು ಬಂದಿದ್ದಾರೆ. ಅವರ ಗುಡಾರದ ಕೂಸಿಗೆ ಯಾವ ಶಾಲೆಯಲ್ಲಿ ಜಾಗವಿದೆ? ಪರಕೀಯನೆಂದು ವಿಚಾರಿಸದೆ ನಮ್ಮ ಮನೆಯವನೆಂದು ಬಗೆಯಬೇಕೆಂಬ ಬಸವಣ್ಣನವರ ಆಶಯವನ್ನು ಒಳಗೆ ಹಾಡುತ್ತ, ಹೊರಗೆ ಅವರನ್ನು ಕಂಡೂ ಕಾಣದಂತೆ ನಡೆದರೆ, ಹಾಡು ಎಷ್ಟೇ ಇಂಪಾಗಿದ್ದರೂ ಅದು ಹೊಟ್ಟೇ ಸರಿ.

ಮಠದ ಶಾಲೆಗಳು ದಾನಿಗಳ ಔದಾರ್ಯದಿಂದ ಬೆಳೆದಿವೆ. ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದ ಉಳಿದಿವೆ. ಆ ಋಣವನ್ನು ಕೃತಜ್ಞತೆಯಿಂದ ನೆನೆಯುತ್ತಲೇ ಒಂದು ಬಿನ್ನಹವನ್ನು ಮುಂದಿಡಬಹುದು. ನೀವು ಕೊಟ್ಟುದು ದಾನವಾಗಿ ಉಳಿಯದೆ ದಾಸೋಹವಾಗಲಿ. ಪಡೆದ ಮಗು ತಲೆ ತಗ್ಗಿಸದೆ, ಲಕ್ಕಮ್ಮನಂತೆ ನೇರವಾಗಿ ನಿಂತು, ಬೇಕಾದಾಗ ನಮ್ಮನ್ನೂ ತಿದ್ದುವಂತೆ ಬೆಳೆಯಲಿ. ತನಗೆ ಪ್ರಶ್ನೆ ಹಾಕುವ ಮಕ್ಕಳನ್ನು ಬೆಳೆಸಿದ ಶಾಲೆ ಶರಣರ ಶಾಲೆ. ಅಂತಹ ಮಕ್ಕಳು ನಮ್ಮ ಅಂಗಳದಿಂದ ಹೊರಟು ನಾಡಿನ ನಾಲ್ಕು ಮೂಲೆಗಳಿಗೆ ಹೋಗಲೆಂದು ಹಾರೈಸೋಣ.